ಬಸ್ಸುಗಳ ಕ್ಷೇಮ ಕೇಳುತ್ತಿದ್ದ ಮೇಡಂ

ನಮ್ಮ ಮೇಡಂ ಯಾರನ್ನೂ "ಹೇಗಿದ್ದೀರಿ" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. "ಮೊದ್ಲು ಹೇಗಿದ್ರಿ?" ಎಂದು ಕೇಳುತ್ತಿದ್ದರು. ತಲೆನೋವು ಎಂದು ರಜೆ ಕೇಳಲು ಹೋದವನಿಗೂ ಅದೇ ಪ್ರಶ್ನೆ, ಕಾಫಿ ಯಾಕೋ ಸರಿಯಿಲ್ಲ ಎಂದು ಗೊಣಗಿದವನಿಗೂ ಅದೇ ಪ್ರಶ್ನೆ. ನಮ್ಮ ಜೊತೆಯ ಹುಡುಗನೊಬ್ಬ ಹೊಸದಾಗಿ ಮದುವೆಯಾಗಿ ಮೈಸೂರು ಪಾಕಿನ ಡಬ್ಬ ಹಿಡಿದು ಆಫೀಸಿಗೆ ಬಂದಾಗ, ಅವನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಇವನು ಮೊದ್ಲು ಹೇಗಿದ್ದ ಅಂತ ಎಲ್ರೂ ನೆನಪಿಟ್ಕೊಳ್ರೋ. ಇನ್ಮೇಲೆ ಬೇಕಾಗುತ್ತೆ" ಎಂದರು. ಆಮೇಲೆ ಎರಡು ಮೈಸೂರು ಪಾಕು ತಿಂದರು.

ಅವರು ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಆಫೀಸಿನವರು ಮಾತನಾಡಲು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು "ಮೇಡಂ ಶಾಂತ ಸ್ವಭಾವದವರು" ಎಂದು ಶುರು ಮಾಡಿದ್ದೇ ತಡ, ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಗಂಡ ಜೋರಾಗಿ ನಕ್ಕುಬಿಟ್ಟರು. ಅವರನ್ನು ನೋಡಿ ಸಭೆಯೆಲ್ಲ ನಕ್ಕಿತು. ಗಂಡನ ಪಕ್ಕದಲ್ಲಿದ್ದ ಮೇಡಂ ಹಿಂದಕ್ಕೆ ತಿರುಗಿ ಎಲ್ಲರನ್ನೂ ಒಂದು ಸುತ್ತು ಗದರಿಸಿದರು. ನನ್ನ ಭಾಷಣ ಅಲ್ಲಿಗೇ ಮುಗಿಯಿತು. ಅಂದು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಆಫೀಸು ಇರುವುದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ. ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ನಾವು. ನಾವು ಮಾಡುವುದು ಬಸ್ಸುಗಳ ಆರೋಗ್ಯ ನೋಡಿಕೊಳ್ಳುವ ಒಂದು ಡಬ್ಬಿ. ಅದು ಡ್ರೈವರಿನ ಮುಂದಿನ ಡ್ಯಾಶ್‌ಬೋರ್ಡಿನ ಒಳಗೆ ಕೂತು ಎಂಜಿನ್ನಿನ ಬಿಸಿ, ಆಯಿಲ್ಲಿನ ಒತ್ತಡ, ಬ್ಯಾಟರಿಯ ಸ್ಥಿತಿ ಎಲ್ಲವನ್ನೂ ಅಳೆದು ನಮ್ಮ ಕಂಪ್ಯೂಟರಿಗೆ ಕಳಿಸುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಡ್ರೈವರಿನ ಕಣ್ಣೆದುರು ಕೆಂಪು ದೀಪ ಹತ್ತಿಸಿ ಕೀಂಯ್ ಎಂದು ಕೂಗುತ್ತದೆ. ಆ ಡಬ್ಬಿಯೊಳಗಿನ ಬುದ್ಧಿಯನ್ನೆಲ್ಲ ಬರೆದವರು ಮೇಡಂ. ಹಾಗಾಗಿ ಅದಕ್ಕೂ ಅವರಂತೆಯೇ ಬಾಯಿ ಜೋರು ಎಂದು ನಾವು ಅವರ ಬೆನ್ನ ಹಿಂದೆ ಹೇಳಿಕೊಳ್ಳುತ್ತಿದ್ದೆವು.

ಬಸ್ಸುಗಳು ಹೊಸದಾಗಿದ್ದಾಗ ಡಬ್ಬಿ ಚೆನ್ನಾಗಿಯೇ ಕೆಲಸ ಮಾಡಿತು. ವರ್ಷಗಳು ಉರುಳಿದಂತೆ ಬಸ್ಸುಗಳಿಗೆ ವಯಸ್ಸಾಯಿತು. ಸ್ವಲ್ಪ ಹೆಚ್ಚು ಬಿಸಿ, ಸ್ವಲ್ಪ ಹೆಚ್ಚು ನಡುಕ, ಬೆಳಗ್ಗೆ ಏಳುವಾಗ ಸ್ವಲ್ಪ ಹೆಚ್ಚು ಕೆಮ್ಮು. ಅದು ಕಾಯಿಲೆಯಲ್ಲ, ವಯಸ್ಸು. ಆದರೆ ಡಬ್ಬಿಗೆ ನಾವು ಹೇಳಿಕೊಟ್ಟಿದ್ದ ಮಿತಿಗಳೆಲ್ಲ ಹೊಸ ಬಸ್ಸಿನವು. ಹೀಗಾಗಿ ಅದು ಹೊತ್ತುಗೊತ್ತಿಲ್ಲದೆ ಕಿರುಚತೊಡಗಿತು. ಮೀಟಿಂಗಿನಲ್ಲಿ ಯಾರೋ, ಎಲ್ಲ ಬಸ್ಸುಗಳಿಗೂ ಮಿತಿಯನ್ನು ಒಂದಿಷ್ಟು ಮೇಲಕ್ಕೆ ಏರಿಸಿಬಿಟ್ಟರೆ ಆಯಿತಲ್ಲ ಎಂದರು. ಮೇಡಂ ಕೆರಳಿದರು.

"ನಮ್ಮತ್ತೆಗೂ ನಿನಗೂ ಒಂದೇ ಬಿಪಿ ಇರ್ಬೇಕು ಅಂತೀಯಾ? ಹೋಗ್ಲಿ, ನಮ್ಮತ್ತೆಗೂ ಪಕ್ಕದ ಮನೆ ಅಜ್ಜಿಗೂ ಒಂದೇ ಇರುತ್ತಾ? ಒಂದೊಂದು ಬಸ್ಸನ್ನೂ ಅದರದ್ದೇ ನಿನ್ನೆ ಜೊತೆ ಹೋಲಿಸಿ ನೋಡ್ಬೇಕು ಕಣೋ. ಪಕ್ಕದ ಬಸ್ಸಿನ ಜೊತೆ ಅಲ್ಲ."

ಕೇಳಲು ಚೆಂದ, ಮಾಡಲು ಕಷ್ಟ. ಪ್ರತಿ ಬಸ್ಸಿನ ಸ್ವಭಾವವನ್ನೂ ಡಬ್ಬಿಗೆ ಬೇರೆಬೇರೆಯಾಗಿ ಕಲಿಸಬೇಕು, ಬಸ್ಸು ಹಳತಾದ ಹಾಗೆ ಮತ್ತೆಮತ್ತೆ ಕಲಿಸುತ್ತ ಹೋಗಬೇಕು. ಮೇಡಂ ಅದನ್ನೇ ಹಿಡಿದು ಕೂತರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಅವರ ಮನೆ ಗೋವಿಂದರಾಜನಗರದಲ್ಲಿ. ಒಮ್ಮೆ ಊಟಕ್ಕೆ ಕರೆದಿದ್ದರು. ಅಡುಗೆಮನೆಯ ಗ್ರೈಂಡರಿಗೆ ನಮ್ಮ ಆಫೀಸಿನ ಸೆನ್ಸರೊಂದನ್ನು ಟೇಪು ಹಾಕಿ ಅಂಟಿಸಿದ್ದರು. "ಇದರ ಬೇರಿಂಗ್ ದೀಪಾವಳಿ ನೋಡಲ್ಲ" ಎಂದು ಭವಿಷ್ಯ ನುಡಿದರು. ಅವರ ಅತ್ತೆ ದೋಸೆ ಹಾಕುತ್ತಾ, "ನನಗೊಂದು ಅಂಟಿಸಿಲ್ಲ ನೋಡಪ್ಪಾ, ಅದೇ ಪುಣ್ಯ" ಎಂದರು. ಗಂಡ ನನ್ನನ್ನು ಪಕ್ಕಕ್ಕೆ ಕರೆದು ಫ್ರಿಜ್ಜಿನ ಕಥೆ ಹೇಳಿದರು. ಹಳೆಯ ಫ್ರಿಜ್ಜು ಇನ್ನೇನು ಸತ್ತೇಹೋಗುತ್ತದೆ, ಕಂಪ್ರೆಸರಿನ ಸದ್ದು ಬದಲಾಗಿದೆ ಎಂದು ಮೇಡಂ ಹಟ ಹಿಡಿದು ಹೊಸದು ತರಿಸಿದ್ದರಂತೆ. ಹಳೆಯದನ್ನು ಕೆಳಗಿನ ಬಾಡಿಗೆಯವರಿಗೆ ಕೊಟ್ಟರಂತೆ. "ಹೊಸದು ಆಗ್ಲೇ ಎರಡು ಸಲ ರಿಪೇರಿಗೆ ಬಂತು. ಹಳೇದು ಕೆಳಗಡೆ ಇನ್ನೂ ಐಸ್‌ಕ್ರೀಂ ಮಾಡ್ತಾ ಇದೆ. ಬೇಕಾದ್ರೆ ಹೋಗಿ ತಿಂದ್ಕೊಂಡು ಬನ್ನಿ." ಮೇಡಂ ಒಳಗಿನಿಂದಲೇ, "ಸದ್ದು ಬದಲಾಗಿತ್ತು!" ಎಂದು ಕೂಗಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೇಡಂ ಹೇಳಿದ್ದೆಲ್ಲ ನಿಜವಾಗುತ್ತಿತ್ತೆಂದು ಯಾರೂ ತಿಳಿಯಬಾರದು. ಅವರು ತಪ್ಪುತ್ತಿದ್ದರು, ಧೈರ್ಯವಾಗಿ ತಪ್ಪುತ್ತಿದ್ದರು.

ನಮ್ಮ ಡಬ್ಬಿಗಳನ್ನು ಹಾಕಿಸಿಕೊಂಡ ದೊಡ್ಡ ಗಿರಾಕಿಯೆಂದರೆ ಕೆಂಗೇರಿಯ ಒಬ್ಬ ಬಸ್ ಮಾಲೀಕರು. ಕಾರ್ಖಾನೆಗಳಿಗೆ ಕೆಲಸದವರನ್ನು ಕರೆದೊಯ್ಯುವ ಬಸ್ಸುಗಳು ಅವರವು. ಒಂದು ದಿನ ಮೇಡಂ ಪರದೆ ನೋಡುತ್ತಾ, "ನಂಜಪ್ಪನವ್ರ ಬಸ್ಸು ವಾರದಿಂದ ಕೂಗ್ತಾ ಇದೆ, ಅವ್ರು ಒಂದು ಫೋನೂ ಮಾಡಿಲ್ಲ" ಎಂದು ಎದ್ದರು. ನಂಜಪ್ಪ ಅಲ್ಲಿನ ಹಿರಿಯ ಡ್ರೈವರು, ಬಸ್ಸುಗಳಲ್ಲೆಲ್ಲ ಹಳೆಯದು ಅವರದೇ. ಇಬ್ಬರೂ ಕೆಂಗೇರಿಗೆ ಹೋದೆವು. ನೋಡಿದರೆ ಕೆಂಪು ದೀಪದ ಮೇಲೆ ಸರಿಯಾಗಿ ಮುಚ್ಚುವಂತೆ ಒಂದು ದೊಡ್ಡ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಕೂಗುವ ತೂತಿಗೆ ಹತ್ತಿ ತುರುಕಿದೆ.

"ಏನ್ ನಂಜಪ್ಪನವ್ರೆ ಇದು?"

"ದೃಷ್ಟಿ ಆಗ್ಬಾರ್ದು ಅಂತ ಮೇಡಂ" ಎಂದರು ನಂಜಪ್ಪ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

"ಬೊಟ್ಟು ಇಟ್ರೆ ಬಾಯಿ ಮುಚ್ಚುತ್ತೆ ಅಂದ್ಕೊಂಡ್ರಾ? ನನ್ನನ್ನೇ ನೋಡಿ. ಇಷ್ಟು ವರ್ಷದಿಂದ ಇಟ್ಕೊಂಡಿದೀನಿ."

ನಂಜಪ್ಪ ಈಗ ನಕ್ಕರು. ನಕ್ಕಮೇಲೆ ನಿಜ ಹೇಳಿದರು. "ಬೆಳಗ್ಗೆಯಿಂದ ಸಂಜೆವರೆಗೂ ಕಿರುಚಿದ್ರೆ ಯಾರು ಕೇಳಿಸ್ಕೊಳ್ತಾರೆ ಮೇಡಂ? ನಿಜವಾಗ್ಲೂ ಏನಾದ್ರೂ ಆದಾಗ ಕಿರುಚಿದ್ರೂ ಗೊತ್ತಾಗಲ್ಲ."

ಆ ಮಾತಿನಿಂದ ಮೇಡಂಗೆ ನಿಜಕ್ಕೂ ನೋವಾಯಿತು. ಅಂದಿನಿಂದ ಅವರು ಡ್ರೈವರುಗಳಿಗೆ ತಾವೇ ಫೋನು ಮಾಡಲು ಶುರು ಮಾಡಿದರು. ಬೀಗರ ಮನೆಗೆ ಕೊಟ್ಟ ಮಗಳನ್ನು ವಿಚಾರಿಸಿಕೊಳ್ಳುವ ಹಾಗೆ ಒಂದೊಂದು ಬಸ್ಸನ್ನೂ ವಿಚಾರಿಸಿಕೊಳ್ಳುತ್ತಿದ್ದರು. ನಿನ್ನೆ ಸ್ಟಾರ್ಟ್ ಆಗೋಕೆ ಯಾಕೆ ಅಷ್ಟು ಹೊತ್ತು ಮಾಡ್ತು, ಹೊಸ ಬ್ಯಾಟರಿ ಹೊಂದ್ಕೊಂಡಿತಾ, ಬ್ರೇಕ್ ಯಾಕೆ ಮುನಿಸ್ಕೊಂಡಿದೆ. ಡ್ರೈವರುಗಳು ಹೇಳಿದ್ದನ್ನೆಲ್ಲ ನಾವು ಡಬ್ಬಿಗೆ ಕಲಿಸುತ್ತ ಹೋದೆವು.

ಒಂದು ಒಗಟು ಮಾತ್ರ ಬಿಡಿಸಲಾಗಿರಲಿಲ್ಲ. ಪ್ರತಿವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಾರ ಎಲ್ಲ ಬಸ್ಸುಗಳ ಎಂಜಿನ್ನೂ ಒಟ್ಟಿಗೇ ಬಿಸಿಯೇರುತ್ತಿತ್ತು. ಆಫೀಸಿನ ಜಾಣರು ಗಾಳಿಯ ತೇವಾಂಶ ಎಂದರು, ಡೀಸೆಲ್ಲಿನ ಗುಣಮಟ್ಟ ಎಂದರು. ಅದರ ಮೇಲೆ ಬಣ್ಣಬಣ್ಣದ ಗ್ರಾಫುಗಳೂ ಆದವು. ಒಮ್ಮೆ ಆ ವಾರದಲ್ಲಿ ಮೇಡಂ ಅತ್ತಿಗುಪ್ಪೆಯ ಸಿಗ್ನಲ್ಲಿನಲ್ಲಿ ಆಟೋದಲ್ಲಿ ಕೂತಿದ್ದಾಗ ಪಕ್ಕದಲ್ಲಿ ಒಂದು ಬಸ್ಸು ಬಂದು ನಿಂತಿತು. ಎರಡೂ ಕಡೆ ಆಳೆತ್ತರದ ಬಾಳೆಕಂದು, ಮೂತಿಯ ತುಂಬ ಮಾವಿನ ಸೊಪ್ಪು, ಕೈಗಾತ್ರದ ಚೆಂಡು ಹೂವಿನ ಹಾರ. ಆಯುಧಪೂಜೆ ಮುಗಿದು ದಿನಗಳಾದರೂ ಯಾರೂ ಬಿಚ್ಚಿರಲಿಲ್ಲ. ಮೇಡಂ ಅಲ್ಲಿಂದಲೇ ನನಗೆ ಫೋನು ಮಾಡಿದರು. ನಗು ತಡೆಯಲಾಗದೆ ಮಾತೇ ಹೊರಡುತ್ತಿರಲಿಲ್ಲ.

"ರೇಡಿಯೇಟರ್‌ಗೆ ಗಾಳಿ ಎಲ್ಲಿಂದ ಬರ್ಬೇಕೋ! ಮದುವೆ ಚಪ್ಪರ ಕಟ್ಕೊಂಡು ಓಡಾಡ್ತಾ ಇದಾವೆ ಎಲ್ಲಾ!"

ಹೋದ ವರ್ಷ ಹಬ್ಬ ಹತ್ತಿರ ಬಂದಾಗ ಮಾಲೀಕರು ಆಫೀಸಿಗೆ ಬಂದು ಖಡಾಖಂಡಿತವಾಗಿ ಹೇಳಿದರು. "ನೋಡಿ ಮೇಡಂ, ಪ್ರತಿ ಹಬ್ಬಕ್ಕೂ ಇದೇ ಗೋಳು. ಈ ಸಲ ಪೂಜೆ ವಾರದಲ್ಲಿ ಒಂದೇ ಒಂದು ಸುಳ್ಳು ಕೂಗು ಬಂತೋ, ಡಬ್ಬಿ ಎಲ್ಲಾ ಕಿತ್ತು ವಾಪಸ್ ಕಳಿಸ್ತೀನಿ." ಅವರು ಕಿತ್ತರೆ ಮಿಕ್ಕವರೂ ಕೀಳುತ್ತಿದ್ದರು. ಮೇಡಂಗೆ ಉಳಿದಿದ್ದದ್ದು ಅದೊಂದು ಹಬ್ಬ. ಈ ವರ್ಷದ ಏಪ್ರಿಲ್ಲಿಗೆ ನಿವೃತ್ತಿಯಿತ್ತು. ಅವರ ಇಷ್ಟು ವರ್ಷದ ಕೆಲಸವೆಲ್ಲ ಗೋಡೌನಿನ ಮೂಲೆ ಸೇರುವುದರಲ್ಲಿತ್ತು.

ಹಬ್ಬದ ವಾರ ಬಿಸಿಯ ಕೂಗನ್ನೇ ಬಂದ್ ಮಾಡಿಬಿಡೋಣ ಎಂದು ನಮ್ಮ ಮ್ಯಾನೇಜರು ಸುಲಭದ ದಾರಿ ತೋರಿಸಿದರು. "ಹಬ್ಬಕ್ಕೆ ಡಾಕ್ಟ್ರು ರಜಾ ಹಾಕ್ಬಹುದು ಸಾರ್, ಕಾಯಿಲೆ ಹಾಕಲ್ಲ" ಎಂದು ಮೇಡಂ ಒಪ್ಪಲಿಲ್ಲ. ಬದಲಿಗೆ ಡಬ್ಬಿಗೆ ಹಬ್ಬ ಯಾವುದೆಂದು ಕಲಿಸಿದರು. ಪೂಜೆಯ ವಾರದಲ್ಲಿ ಪ್ರತಿ ಬಸ್ಸನ್ನೂ ಅದರದೇ ಹಿಂದಿನ ಆಯುಧಪೂಜೆಯ ಜೊತೆ ಹೋಲಿಸಬೇಕು. ಬಾಳೆಕಂದು ಕಟ್ಟಿಕೊಂಡಾಗ ಅದಕ್ಕೆ ಎಷ್ಟು ಬಿಸಿ ಸಹಜವೋ ಅಷ್ಟಕ್ಕೆ ಕೂಗಬಾರದು. ಇಂಥದ್ದೊಂದು ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವಾಗ ನನಗೆ ನಗು ಬಂತು. ಮೇಡಂ ಮಾತ್ರ ಗಂಭೀರವಾಗಿ, "ಹಾರದ ದಪ್ಪ ಸೇರಿಸಿದ್ಯಾ?" ಎಂದು ಕೇಳುತ್ತಿದ್ದರು.

ಪೂಜೆಯಾಯಿತು. ಕಳ್ಳೆಪುರಿ ಹಂಚಿದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು. ಮರುದಿನ ಚಪ್ಪರಗಳೆಲ್ಲ ರಸ್ತೆಗಿಳಿದವು. ಎಲ್ಲ ಬಸ್ಸುಗಳೂ ಅಂದುಕೊಂಡಷ್ಟೇ ಬಿಸಿಯಾದವು, ಒಂದೂ ಕೂಗಲಿಲ್ಲ. ಅದಾದ ಮಾರನೆಯ ಬೆಳಗ್ಗೆಯೂ ಶಾಂತಿ. ಪರದೆಯಲ್ಲಿ ನಂಜಪ್ಪನವರ ಬಸ್ಸಿನ ಪಕ್ಕ ಮಾತ್ರ ಒಂದು ಹಳದಿ ಗುರುತು ಬಿದ್ದಿತ್ತು, ಈ ಬಸ್ಸು ಯಾಕೋ ಎಂದಿನಂತಿಲ್ಲ ಎನ್ನುವಷ್ಟೇ ಅದರ ಅರ್ಥ. ನೋಡಿದರೆ ಬಿಸಿ ಕಡಿಮೆ. ನಾನು ಸಂಭ್ರಮದಿಂದ, "ನೋಡಿ ಮೇಡಂ, ನಿಮ್ಮ ನಂಜಪ್ಪನವ್ರ ಬಸ್ಸು ಎಷ್ಟು ತಣ್ಣಗಿದೆ" ಎಂದೆ.

ತಿಂಡಿಯ ಡಬ್ಬಿ ತೆಗೆಯುತ್ತಿದ್ದ ಮೇಡಂ ಹಾಗೇ ನಿಂತರು. "ಬಾಳೆಕಂದು ಬಿಚ್ಚಿದಾರಾ ಕೇಳು."

ಆಫೀಸಿನ ಫೋನಿನಲ್ಲಿ ನಂಜಪ್ಪನವರನ್ನು ಕೇಳಿದೆ. ಬಿಚ್ಚಿರಲಿಲ್ಲ. ಕಂದು, ಸೊಪ್ಪು, ಹಾರ ಎಲ್ಲ ಹಾಗೇ ಇದ್ದವು. ಬಸ್ಸಿನ ತುಂಬ ಪೀಣ್ಯದ ಕಾರ್ಖಾನೆಗೆ ಹೋಗುವ ಹೆಂಗಸರು. ನಾಗರಬಾವಿ ದಾಟಿ ಸುಮನಹಳ್ಳಿ ಸೇತುವೆಯ ಕಡೆ ಹೋಗುತ್ತಿದ್ದಾರೆ.

"ಚಪ್ಪರ ಕಟ್ಕೊಂಡು ತಣ್ಣಗಿದೆಯಾ? ಇದು ಸುಳ್ಳು ಹೇಳ್ತಾ ಇದೆ. ನಿಲ್ಸೋಕೆ ಹೇಳು." ನಾನು ಬಾಯಿಬಿಡುವ ಮೊದಲೇ ಫೋನು ಕಸಿದುಕೊಂಡರು. "ನಂಜಪ್ಪನವ್ರೆ, ಸೈಡಿಗೆ ಹಾಕಿ. ಈಗ್ಲೇ. ಎಂಜಿನ್ ಆಫ್ ಮಾಡಿ."

"ಮೀಟರ್ ತಣ್ಣಗೆ ತೋರಿಸ್ತಾ ಇದೆ ಮೇಡಂ."

"ಅದಕ್ಕೇ ನಿಲ್ಸಿ ಅಂದಿದ್ದು."

ಮುಂದಿನ ಗಲಾಟೆಯೆಲ್ಲ ಸ್ಪೀಕರಿನಲ್ಲಿ ನಡೆಯಿತು. ಬಸ್ಸಿನೊಳಗಿಂದ ಒಬ್ಬ ಹೆಂಗಸು ನಂಜಪ್ಪನವರ ಕೈಯಿಂದ ಫೋನು ತೆಗೆದುಕೊಂಡು, "ಯಾರ್ರೀ ನೀವು? ಆಫೀಸಲ್ಲಿ ಕೂತ್ಕೊಂಡು ಬಸ್ ನಿಲ್ಸೋಕೆ? ಲೇಟಾದ್ರೆ ನಮ್ಮ ಹಾಜರಿ ನೀವು ಹಾಕ್ತೀರಾ?" ಎಂದು ತರಾಟೆಗೆ ತೆಗೆದುಕೊಂಡರು. ಮೇಡಂ ಬಿಡುವವರೇ? "ನಡು ಸೇತುವೇಲಿ ನಿಂತ್ರೆ ಪೂರ್ತಿ ರಜಾನೇ ಆಗುತ್ತಮ್ಮಾ, ಸ್ವಲ್ಪ ಕೂತ್ಕೋ" ಎಂದರು. ಅಷ್ಟರಲ್ಲಿ ನನ್ನ ಮೊಬೈಲಿಗೆ ಮಾಲೀಕರ ಕರೆ ಬಂತು. ಸುದ್ದಿ ಆಗಲೇ ಮುಟ್ಟಿತ್ತು. "ಬಿಸಿ ಆದ್ರೂ ಕೂಗ್ತೀರಾ, ತಣ್ಣಗಿದ್ರೂ ಕೂಗ್ತೀರಾ? ಸಾಕು ಸ್ವಾಮಿ ನಿಮ್ಮ ಸಹವಾಸ. ನಾಳೆನೇ ಬಂದು ಬಿಚ್ಕೊಂಡು ಹೋಗಿ!"

ಮೇಡಂ ಕುರ್ಚಿಯ ಮೇಲೆ ಕೂತರು. ನನಗೆ ಆ ಫ್ರಿಜ್ಜಿನ ನೆನಪಾಯಿತು, ಅವರಿಗೂ ಆಗಿರಬೇಕು. "ಎಂಜಿನ್ ಆರಿದ್ಮೇಲೆ ನಿಧಾನಕ್ಕೆ ರೇಡಿಯೇಟರ್ ಮುಚ್ಚಳ ತೆಗೀರಿ" ಎಂದು ನಂಜಪ್ಪನವರಿಗೆ ಹೇಳಿದರು.

ಬಹಳ ಹೊತ್ತಿನ ಮೇಲೆ ನಂಜಪ್ಪನವರ ದನಿ ಕೇಳಿತು. "ಮೇಡಂ, ಒಳಗೆ ನೀರೇ ಇಲ್ಲ. ಕೆಳಗಿನ ಪೈಪು ಸೀಳಿದೆ. ದಾರಿಯುದ್ದಕ್ಕೂ ಸೋರ್ಕೊಂಡು ಬಂದಿದೆ."

ಬಿಸಿ ಅಳೆಯುವ ಸೆನ್ಸರು ಇರುವುದು ನೀರಿನೊಳಗೆ. ನೀರೇ ಖಾಲಿಯಾದರೆ ಅದು ಬರಿಯ ಗಾಳಿಯನ್ನು ಅಳೆದು ಎಲ್ಲ ತಣ್ಣಗಿದೆ ಎನ್ನುತ್ತದೆ, ಕೆಳಗೆ ಎಂಜಿನ್ನು ಬೇಯುತ್ತಿರುತ್ತದೆ. ಬೇರೆ ದಿನವಾಗಿದ್ದರೆ ಆ ತಂಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೇಡಂ ಎದ್ದು ತಣ್ಣಗಾಗಿದ್ದ ಉಪ್ಪಿಟ್ಟನ್ನು ಪೂರ್ತಿ ತಿಂದರು. ನನಗೆ ಅವರ ಮೇಲೆ ಅಂದು ಉಕ್ಕಿದ ಪ್ರೀತಿಯನ್ನು ಬೀಳ್ಕೊಡುಗೆಯಲ್ಲಿ ಹೇಳಬೇಕೆಂದಿದ್ದೆ.

ಸಂಜೆ ಮಾಲೀಕರು ತಾವೇ ಫೋನು ಮಾಡಿದರು. "ಡಬ್ಬಿ ಇರ್ಲಿ ಮೇಡಂ. ಆದ್ರೆ ನಿಮ್ಮ ನಂಬರ್ ಮಾತ್ರ ಬದಲಾಯಿಸ್ಬೇಡಿ." ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಡಂ ತಟ್ಟಲಿಲ್ಲ.

"ಸೋಪಿನ ಪುಡಿ ಜೊತೆ ಫ್ರೀ ಬರೋ ಚಮಚನೇನೋ ನಾನು? ಅವ್ರು ನಂಬಿದ್ದು ಡಬ್ಬೀನಲ್ಲ, ನನ್ನನ್ನ. ಏಪ್ರಿಲ್ ಆದ್ಮೇಲೆ ಏನ್ ಮಾಡ್ತಾರೆ? ನಾನು ಮನೇಲಿ ಮಾವಿನಕಾಯಿ ಹೆಚ್ತಾ ಇರ್ತೀನಿ, ಇಲ್ಲಿ ಬಸ್ಸು ಸುಡ್ತಾ ಇರುತ್ತೆ."

ನಿವೃತ್ತಿಗೆ ಮುಂಚೆ ಡ್ರೈವರುಗಳು ಡಬ್ಬಿಯ ಮಾತನ್ನೇ ನಂಬುವಂತಾಗಬೇಕು ಎನ್ನುವುದೊಂದೇ ಅವರ ತಲೆಯಲ್ಲಿ ಕೂತುಬಿಟ್ಟಿತು. ಪೈಪು ಸೀಳಿದ ಆ ಬೆಳಗ್ಗೆ ತಮಗೆ ಹೊಳೆದದ್ದು ಡಬ್ಬಿಗೇ ಹೊಳೆಯುವಂತೆ ಮಾಡಿದರು. ಮೆಕ್ಯಾನಿಕ್ಕು ಬಿಚ್ಚಿದಾಗ ನಿಜವಾಗಿ ಏನು ಸಿಕ್ಕಿತು ಎನ್ನುವುದು ಪ್ರತಿಸಲವೂ ಡಬ್ಬಿಗೆ ತಿಳಿಯುವಂತೆ ಮಾಡಿದರು. ಸುಮ್ಮನೆ ಕಿರುಚುವುದನ್ನು ನಿಲ್ಲಿಸಿ, ಏನು ನೋಡಬೇಕೆಂದು ಪುಟ್ಟ ಪರದೆಯಲ್ಲಿ ಕನ್ನಡದಲ್ಲಿ ತೋರಿಸುವ ವ್ಯವಸ್ಥೆಯಾಯಿತು. ನಮ್ಮ ಹುಡುಗನೊಬ್ಬ ಅದಕ್ಕೆ "ಶೀತಕ ದ್ರವದ ಮಟ್ಟವನ್ನು ಪರಿಶೀಲಿಸಿರಿ" ಎಂದು ಬರೆದಿದ್ದ. "ಇಷ್ಟು ಓದೋ ಹೊತ್ತಿಗೆ ಎಂಜಿನ್ ಸುಟ್ಟು ಕರಕಲಾಗಿರುತ್ತೆ" ಎಂದು ಮೇಡಂ ಅದನ್ನು ಹೊಡೆದುಹಾಕಿ "ನೀರು ನೋಡಿ" ಎಂದು ಬರೆದರು.

ಜೊತೆಗೆ ಇನ್ನೊಂದು ಕೆಲಸ ಮಾಡಿದರು, ಅದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಡ್ರೈವರುಗಳ ಫೋನು ಬಂದರೆ, "ಡಬ್ಬಿ ಏನ್ ಹೇಳ್ತು? ಹಾಗೇ ಮಾಡಿ" ಎಂದು ಇಟ್ಟುಬಿಡುತ್ತಿದ್ದರು. ಇಟ್ಟ ಮೇಲೆ ಚಡಪಡಿಸುತ್ತ ಕಿಟಕಿಯ ಹತ್ತಿರ ಓಡಾಡುತ್ತಿದ್ದರು. ಕ್ರಮೇಣ ಫೋನು ಎತ್ತುವುದನ್ನೇ ಬಿಟ್ಟರು. ನಂಜಪ್ಪ ನನಗೆ ಫೋನು ಮಾಡಿ, "ಮೇಡಂಗೆ ನಮ್ಮೇಲೆ ಏನಾದ್ರೂ ಬೇಜಾರಾ ಸಾರ್?" ಎಂದು ಕೇಳಿದರು. ಏನಿಲ್ಲ, ಕೆಲಸ ಜಾಸ್ತಿ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ನಿವೃತ್ತಿಗೆ ವಾರವೂ ಉಳಿದಿರಲಿಲ್ಲ. ಮೇಡಂ ಮೇಜಿನ ಖಾನೆ ಖಾಲಿ ಮಾಡುತ್ತಾ ನಡುನಡುವೆ ಪರದೆಯನ್ನು ಇಣುಕುತ್ತಿದ್ದರು. ಇದ್ದಕ್ಕಿದ್ದಂತೆ ನನ್ನನ್ನು ಕರೆದರು. ಹಿಂದಿನ ದಿನದ ವಿವರ ತೆರೆದಿತ್ತು. ನಂಜಪ್ಪನವರ ಬಸ್ಸಿನಲ್ಲಿ ಬೆಳಗ್ಗೆ "ಬೆಲ್ಟ್ ನೋಡಿ" ಎಂದು ಬಂದಿದೆ. ಬಸ್ಸು ಆಗಲೇ ಪಕ್ಕಕ್ಕೆ ನಿಂತಿದೆ. ಬೆಲ್ಟು ಬಿರುಕು ಬಿಟ್ಟಿದ್ದದ್ದು ಸಿಕ್ಕಿದೆ, ಹೊಸದು ಹಾಕಿದ್ದಾರೆ, ಬಸ್ಸು ಹೊರಟಿದೆ. ಯಾರಿಗೂ ಫೋನಿಲ್ಲ, ಗಲಾಟೆಯಿಲ್ಲ. ನಮಗೆ ಗೊತ್ತಾಗುವಾಗ ಒಂದು ದಿನವೇ ಕಳೆದಿತ್ತು.

"ಗೆದ್ರಿ ಮೇಡಂ!" ಎಂದು ನಾನು ಕುಣಿದಾಡಿದೆ. ಅವರೂ ಜೋರಾಗಿ ನಕ್ಕು ನನ್ನ ಬೆನ್ನಿಗೆ ಒಂದು ಗುದ್ದಿದರು. ಮತ್ತೆ ಪರದೆಯ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಓದಿದರು. ನೋಡನೋಡುತ್ತಿದ್ದಂತೆ ಕಣ್ಣು ತುಂಬಿಕೊಂಡವು.

"ಒಂದು ಫೋನ್ ಮಾಡಿ ಹೇಳ್ಬಾರ್ದಿತ್ತೇನೋ ಆ ನಂಜಪ್ಪನವ್ರು?"

ನಾನೇ ಅವರಿಗೆ ಕರೆ ಮಾಡಿ ಕೊಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡೆ. ಮೇಡಂ ನನ್ನ ಕೈ ಹಿಡಿದು ತಡೆದರು.

"ಬೇಡ ಕಣೋ. ಅವ್ರು ನನ್ನನ್ನ ಕೇಳ್ಬಾರ್ದು ಅಂತಾನೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು."